ನಮ್ಮ ಇಂಗ್ಲಿಷಿನೊಳಗೆ ಇಣುಕುವ ಕನ್ನಡ



ಮಗನಿಗೆ ಜ್ವರ ಬಂದರೆ ಕಾನ್ವೆಂಟ್ ಶಾಲೆಗೆ ರಜಾ ಚೀಟಿ ಇಂಗ್ಲಿಷಿನಲ್ಲಿ ಬೇಕು. ಮಗಳು ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಅದೂ ಇಂಗ್ಲಿಷಿನಲ್ಲೇ. ಮದುವೆ ಗೊತ್ತಾದ ಹುಡುಗನ ಜ್ಞಾನಸ್ನಾನದ ಪತ್ರವನ್ನು ಬೇರೆ ರಾಜ್ಯದ ಧರ್ಮಕೇಂದ್ರದಿಂದ ತರಿಸಬೇಕೆಂದರೆ ಅಲ್ಲಿನ ಗುರುಗಳಿಗೆ ಬರೆಯುವ ನಾಲ್ಕು ಸಾಲೂ ಇಂಗ್ಲಿಷೇ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ಹಾಳೆ ಹರಿದು ಹರಿದು ಹಾಕುತ್ತೇವೆ. ಇಲ್ಲವೇ ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕೂಗುತ್ತೇವೆ. ಇಲ್ಲವೇ ಫೋನಿನಲ್ಲಿ ಸಿಕ್ಕಿದ ಮಾದರಿ ಪತ್ರಕ್ಕೆ ನಮ್ಮ ಹೆಸರು ಸೇರಿಸಿ ಕಳುಹಿಸಿಬಿಡುತ್ತೇವೆ.

ಇದು ಸಣ್ಣ ಮಾತೇನಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯುವಕ ಯುವತಿಯರಿಗೆ ಹೊಸ ಬಗೆಯ ಕೆಲಸಗಳು ಹತ್ತಿರ ಬಂದಿವೆ. ಗೌರಿಬಿದನೂರಿನ ಕಾರ್ಖಾನೆಗಳಿಗೂ ಈಗ ಅರ್ಜಿ ಹೋಗುವುದು ಇ-ಮೇಲಿನಲ್ಲಿ. ಅರ್ಜಿ ಓದುವವರು ನಮ್ಮ ಮಕ್ಕಳ ಮುಖ ನೋಡಿರುವುದಿಲ್ಲ, ಅವರ ಶ್ರಮ, ಪ್ರಾಮಾಣಿಕತೆ ಅರಿತಿರುವುದಿಲ್ಲ. ಅವರ ಮುಂದೆ ಇರುವುದು ಮೂರು ನಾಲ್ಕು ವಾಕ್ಯಗಳು ಮಾತ್ರ. ಆ ವಾಕ್ಯಗಳಲ್ಲಿ ಎಡವಿದರೆ ಹುಡುಗ ದಡ್ಡನೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹುಡುಗನೂ ತಾನು ದಡ್ಡನೆಂದೇ ನಂಬುತ್ತಾನೆ.

ಆದರೆ ನಮ್ಮ ಇಂಗ್ಲಿಷ್ ತಪ್ಪುಗಳಲ್ಲಿ ಮುಕ್ಕಾಲು ಪಾಲು ದಡ್ಡತನದಿಂದ ಬಂದವಲ್ಲ. ಅವು ನಮ್ಮ ತಾಯ್ನುಡಿಯ ವ್ಯಾಕರಣ ಇಂಗ್ಲಿಷಿನ ಮೇಲೆ ಬೀರುವ ನೆರಳು. ನೆರಳು ಎಲ್ಲಿಂದ ಬಿತ್ತೆಂದು ತಿಳಿದರೆ ತಪ್ಪನ್ನು ನಾವೇ ಹಿಡಿಯಬಹುದು. ವ್ಯಾಕರಣ ಪುಸ್ತಕದ ನೂರು ನಿಯಮ ಬಾಯಿಪಾಠ ಮಾಡಬೇಕಿಲ್ಲ.

ನಮ್ಮ ಸೀಮೆಯಲ್ಲಿ ಈ ನೆರಳು ಎರಡು ಭಾಷೆಗಳದ್ದು. ಅನೇಕ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಕೈವಾರದ ಯೋಗಿ ನಾರೇಯಣರು ಎರಡೂ ಭಾಷೆಗಳಲ್ಲಿ ಹಾಡು ಕಟ್ಟಿದ ನೆಲ ಇದು. ಇಂಗ್ಲಿಷ್ ಕಲಿಯುವವರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಕನ್ನಡ ತೆಲುಗು ಎರಡೂ ಒಂದೇ ಕುಟುಂಬದವು. ವಾಕ್ಯ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಕನ್ನಡದಿಂದ ಬರುವ ತಪ್ಪೇ ತೆಲುಗಿನಿಂದಲೂ ಬರುತ್ತದೆ.

ಮನೆಮಾತು ಇಂಗ್ಲಿಷಿಗೆ ಅಡ್ಡಿ ಎನ್ನುವ ತಾಯ್ತಂದೆಯರಿಗೆ ಇಬ್ಬರನ್ನು ನೆನಪಿಸಬೇಕು. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಮಾತು ತೆಲುಗು. ಅವರು ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದು, ಆತ್ಮಕಥೆಯನ್ನು ಕನ್ನಡದಲ್ಲೇ ಬರೆದರು. ಮನೆಮಾತನ್ನು ಬಿಟ್ಟು ಇವರು ಇಂಗ್ಲಿಷ್ ಕಲಿತದ್ದಲ್ಲ.

‘ಇದೆ’ ಎಂಬ ಪದದ ಉಪಟಳ

‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್.’ ನಮ್ಮ ಕಡೆಯ ಅರ್ಜಿಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿಲ್ಲವೇನೋ. ಸರಿಯಾದದ್ದು ‘ಐ ಹ್ಯಾವ್ ಟೂ ಸಿಸ್ಟರ್ಸ್’. ಇದರ ಜೊತೆಗೇ ಬರುವ ಅಣ್ಣತಮ್ಮಂದಿರು ‘ಐ ಆ್ಯಮ್ ನೋಯಿಂಗ್ ಕಂಪ್ಯೂಟರ್’, ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’, ‘ವಿ ಆರ್ ವಾಂಟಿಂಗ್ ಎ ರೂಂ’.

ಏಕೆ ಹೀಗೆ? ಕನ್ನಡವನ್ನೇ ನೋಡಿ: ಗೊತ್ತಿದೆ, ಬೇಕಾಗಿದೆ, ಅರ್ಥವಾಗುತ್ತಿಲ್ಲ, ತಂಗಿಯರಿದ್ದಾರೆ. ಎಲ್ಲದರ ಬಾಲದಲ್ಲೂ ‘ಇದೆ’, ‘ಇಲ್ಲ’, ‘ಇದ್ದಾರೆ’. ಶಾಲೆಯಲ್ಲಿ ನಾವು ಕಲಿತದ್ದು ‘ಬರೆಯುತ್ತಿದ್ದೇನೆ’ ಎಂದರೆ ‘ಆ್ಯಮ್ ರೈಟಿಂಗ್’ ಎಂದು. ಹಾಗಾಗಿ ಬಾಲದಲ್ಲಿ ‘ಇದೆ’ ಕಂಡಲ್ಲೆಲ್ಲ ನಮ್ಮ ಕೈ ‘ಈಸ್’, ‘ಆ್ಯಮ್’ ಬರೆದು, ಹಿಂದೆಯೇ ‘ಇಂಗ್’ ಅಂಟಿಸಿಬಿಡುತ್ತದೆ.

ಇಂಗ್ಲಿಷಿನ ‘ಇಂಗ್’ ರೂಪ ಕಣ್ಣೆದುರು ನಡೆಯುತ್ತಿರುವ, ಶುರುವಾಗಿ ಮುಗಿಯುವ ಕೆಲಸಕ್ಕೆ ಮೀಸಲು. ಅಡುಗೆ ಮಾಡುತ್ತಿದ್ದೇನೆ, ಬಸ್ಸಿಗೆ ಕಾಯುತ್ತಿದ್ದೇನೆ. ಇವಕ್ಕೆ ಅದು ಸಲ್ಲುತ್ತದೆ. ತಿಳಿದಿರುವುದು, ಹೊಂದಿರುವುದು, ಬೇಕಾಗಿರುವುದು, ನಂಬುವುದು ನಡೆಯುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಅವಕ್ಕೆ ಸಾಮಾನ್ಯವಾಗಿ ‘ಇಂಗ್’ ಬೇಡ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿಯಲ್ಲವೇ ಎಂದು ಕೇಳಬಹುದು. ಸರಿಯೇ. ಅಲ್ಲಿ ‘ಹ್ಯಾವಿಂಗ್’ ಎಂದರೆ ಊಟ ಮಾಡುವುದು, ಅದು ನಡೆಯುವ ಕೆಲಸ.

ನಿನ್ನೆ ಹೋಗಿದ್ದೆ, ಐದು ವರ್ಷದಿಂದ ಇದ್ದೇನೆ

‘ನಿನ್ನೆ ಚಿಂತಾಮಣಿಗೆ ಹೋಗಿದ್ದೆ’ ಎನ್ನುತ್ತೇವೆ. ತೆಲುಗಿನವರು ‘ನಿನ್ನ ಚಿಂತಾಮಣಿಕಿ ಪೋಯಿಂಟಿ’ ಎನ್ನುತ್ತಾರೆ. ಎರಡರಲ್ಲೂ ಹೋಗಿ ಬಂದದ್ದಾಯಿತು ಎಂಬ ಧ್ವನಿ ಇದೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಐ ಹ್ಯಾಡ್ ಗಾನ್ ಟು ಚಿಂತಾಮಣಿ ಯೆಸ್ಟರ್‌ಡೇ’ ಎಂದು ಬರೆಯುತ್ತೇವೆ. ಇಂಗ್ಲಿಷಿನವರು ಇದನ್ನು ಓದಿ ‘ಸರಿ, ಆಮೇಲೆ ಏನಾಯಿತು?’ ಎಂದು ಕಾಯುತ್ತಾರೆ. ಅವರಿಗೆ ‘ಹ್ಯಾಡ್’ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲನೆಯದಕ್ಕೆ: ನಾವು ನಿಲ್ದಾಣ ತಲುಪುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು, ‘ದ ಬಸ್ ಹ್ಯಾಡ್ ಲೆಫ್ಟ್’. ಬರೇ ನಿನ್ನೆ ಹೋದದ್ದಕ್ಕೆ ‘ಐ ವೆಂಟ್’ ಸಾಕು. ‘ಹ್ಯಾವ್ ಗಾನ್’ ಕೂಡ ನಿನ್ನೆ, ಮೊನ್ನೆ, ಹೋದ ವಾರ ಎಂಬ ಮಾತುಗಳ ಜೊತೆ ಕೂಡಿಬಾಳುವುದಿಲ್ಲ.

ಇನ್ನು ಕೆಲಸದ ಅರ್ಜಿಗಳಲ್ಲಿ ತಪ್ಪದೆ ಬರುವ ವಾಕ್ಯ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫ್ರಮ್ ಫೈವ್ ಇಯರ್ಸ್’. ಇದು ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದರ ಅಕ್ಷರಶಃ ಇಂಗ್ಲಿಷು. ತೆಲುಗಿನ ‘ಐದೇಂಡ್ಲ ನುಂಚಿ’ಯೂ ಅದೇ. ಕನ್ನಡದ ‘ಇಂದ’ ಬಹಳ ಉದಾರಿ. ಊರಿನಿಂದ, ಬೆಳಗಿನಿಂದ, ಐದು ವರ್ಷದಿಂದ, ಎಲ್ಲಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷು ಅದನ್ನು ಮೂರು ಪಾಲು ಮಾಡಿದೆ. ಜಾಗವಾದರೆ ‘ಫ್ರಮ್’. ಶುರುವಾದ ಗಳಿಗೆ, ದಿನ, ಇಸವಿ ಹೇಳಿದರೆ ‘ಸಿನ್ಸ್’: ‘ಸಿನ್ಸ್ 2019’, ‘ಸಿನ್ಸ್ ಮಂಡೇ’. ಎಷ್ಟು ಕಾಲ ಎಂಬ ಅಳತೆ ಹೇಳಿದರೆ ‘ಫಾರ್’: ‘ಫಾರ್ ಫೈವ್ ಇಯರ್ಸ್’. ಕೆಲಸ ಇನ್ನೂ ಮುಂದುವರಿದಿದ್ದರೆ ಕ್ರಿಯಾಪದ ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು. ಹಾಗಾಗಿ ಮಗನ ಅರ್ಜಿಯಲ್ಲಿ ಬರಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಈ ಒಂದು ವಾಕ್ಯವನ್ನು ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದರೂ ತಪ್ಪಿಲ್ಲ. ಅರ್ಜಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅನುಭವದ ಮಾತೇ.

ಎ, ಆ್ಯನ್, ದ

ಕನ್ನಡದಲ್ಲಿ ಇವಕ್ಕೆ ಸಮನಾದ ಪದಗಳೇ ಇಲ್ಲ. ‘ಅವರು ಮೇಷ್ಟ್ರು’ ಎಂದರೆ ನಮಗೆ ವಾಕ್ಯ ಮುಗಿಯಿತು. ಹಾಗಾಗಿ ‘ಹಿ ಈಸ್ ಟೀಚರ್’ ಎಂದು ಬರೆದಾಗ ಏನೋ ಬಿಟ್ಟುಹೋಗಿದೆ ಎಂದು ಕಿವಿಗೆ ತಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಒಬ್ಬ, ಒಂದು ಎಂದು ಎಣಿಸಬಹುದಾದ ವಸ್ತು ಒಂಟಿಯಾಗಿ, ಬರಿಗೈಯಲ್ಲಿ ನಿಲ್ಲುವುದು ಅಪರೂಪ. ‘ಹಿ ಈಸ್ ಎ ಟೀಚರ್.’

‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದಕ್ಕೆ ಎ, ಇ, ಐ, ಓ, ಯು ಅಕ್ಷರಗಳ ಮುಂದೆ ‘ಆ್ಯನ್’ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಅದು ಅರ್ಧ ಸತ್ಯ. ಅದನ್ನು ನಂಬಿ ಮಕ್ಕಳು ‘ಆ್ಯನ್ ಯೂನಿವರ್ಸಿಟಿ’, ‘ಎ ಅವರ್’ ಎಂದು ಬರೆಯುತ್ತಾರೆ. ನೋಡಬೇಕಾದದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ, ಅದು ಇಂಗ್ಲಿಷಿನವರಿಗೂ ಇಲ್ಲ. ಆ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಅವರ್: ಅಕಾರ, ಆದ್ದರಿಂದ ‘ಆ್ಯನ್ ಅವರ್’. ಆನೆಸ್ಟ್: ‘ಆ್ಯನ್ ಆನೆಸ್ಟ್ ಮ್ಯಾನ್’. ಯೂನಿವರ್ಸಿಟಿ, ಯೂನಿಫಾರಂ: ಯಕಾರ, ಆದ್ದರಿಂದ ‘ಎ’. ‘ಎ ಬಿ.ಎ. ಡಿಗ್ರಿ’, ಆದರೆ ‘ಆ್ಯನ್ ಎಂ.ಎ. ಡಿಗ್ರಿ’. ‘ಆ್ಯನ್ ಎಂ.ಎಲ್.ಎ.’

ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಆಡುಮಾತಿನಲ್ಲಿ ‘ಎಲ್ಲಿ’ ಎಂಬುದು ‘ಯೆಲ್ಲಿ’, ‘ಒಂದು’ ಎಂಬುದು ‘ವೊಂದು’ ಆಗುತ್ತದೆ. ಅದೇ ಅಭ್ಯಾಸದಲ್ಲಿ ‘ಯೆಂ.ಎಲ್.ಎ.’, ‘ಯೆಗ್’ ಎಂದರೆ ಉಪಾಯ ಕೈಕೊಡುತ್ತದೆ. ಹಾಗೆಯೇ ನಾವು ‘ಒನ್’ ಎಂದು ಬರೆಯುವ ಪದದ ನಿಜವಾದ ಉಚ್ಚಾರ ‘ವನ್’. ಅಲ್ಲಿ ‘ಎ’ ಬರುತ್ತದೆ.

‘ದ’ ಸ್ವಲ್ಪ ಕಷ್ಟದ್ದು. ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಓದುವವರಿಗೂ ಗೊತ್ತಿದೆ ಎನ್ನುವಾಗ ಅದು ಬರುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಎಷ್ಟೋ ಸಲ ‘ಅನ್ನು’ ಪ್ರತ್ಯಯ ಮಾಡುತ್ತದೆ. ‘ಪುಸ್ತಕ ತಂದೆಯಾ?’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆಯಾ?’ ಎಂದರೆ ನಾವು ಮೊದಲೇ ಮಾತಾಡಿಕೊಂಡಿದ್ದ ಆ ಪುಸ್ತಕ. ಮೊದಲನೆಯದು ‘ಎ ಬುಕ್’, ಎರಡನೆಯದು ‘ದ ಬುಕ್’. ಇದು ಎಲ್ಲ ಕಡೆಯೂ ಹೊಂದುವ ನಿಯಮವಲ್ಲ, ಆದರೆ ತಡವರಿಸುವಾಗ ಕೈಹಿಡಿಯುತ್ತದೆ.

ಹೆಚ್ಚಾದ ಬಾಲಗಳು, ಬಿಟ್ಟುಹೋದ ಬಾಲಗಳು

‘ಮದುವೆಯ ಬಗ್ಗೆ ಚರ್ಚಿಸಿದೆವು’ ಎಂಬುದರ ‘ಬಗ್ಗೆ’ ಇಂಗ್ಲಿಷಿಗೆ ಬಂದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ‘ಡಿಸ್ಕಸ್’ ಎಂಬ ಪದದೊಳಗೇ ‘ಬಗ್ಗೆ’ ಅಡಗಿದೆ. ‘ಡಿಸ್ಕಸ್ಡ್ ದ ವೆಡ್ಡಿಂಗ್’ ಸಾಕು. ‘ಮೆನ್ಷನ್’, ‘ಡಿಸ್ಕ್ರೈಬ್’ ಕೂಡ ಹಾಗೆಯೇ. ‘ಬೆಂಗಳೂರಿಗೆ ತಲುಪಿದೆ’ ಎಂಬುದು ‘ರೀಚ್ಡ್ ಟು ಬ್ಯಾಂಗಲೋರ್’ ಆಗಬಾರದು, ‘ಟು’ ಬೇಡ. ಆದರೆ ‘ಅವಳ ಜೊತೆ ಮದುವೆಯಾಯಿತು’ ಎಂಬ ‘ಜೊತೆ’ಯನ್ನು ‘ಮ್ಯಾರೀಡ್ ವಿತ್’ ಎನ್ನದೆ ‘ಮ್ಯಾರೀಡ್ ಟು’ ಎನ್ನಬೇಕು. ಇವಕ್ಕೆ ತರ್ಕ ಹುಡುಕಿ ಫಲವಿಲ್ಲ. ಪದ ಕಲಿಯುವಾಗಲೇ ಅದರ ಜೋಡಿಯನ್ನೂ ಕಲಿಯಬೇಕು.

‘ಅವರು ಬರುತ್ತೇನೆ ಅಂತ ಹೇಳಿದರು’ ಎಂಬಲ್ಲಿ ಯಾರಿಗೆ ಹೇಳಿದರೆಂದು ಕನ್ನಡ ಕೇಳುವುದಿಲ್ಲ. ಇಂಗ್ಲಿಷಿನ ‘ಟೋಲ್ಡ್’ ಕೇಳುತ್ತದೆ. ‘ಹಿ ಟೋಲ್ಡ್ ದಟ್’ ಎಂದು ಬರೆದರೆ ಕೈ ಅರ್ಧದಲ್ಲೇ ನಿಂತಂತೆ. ‘ಹಿ ಟೋಲ್ಡ್ ಮಿ ದಟ್’ ಎನ್ನಿ, ಇಲ್ಲವೇ ‘ಹಿ ಸೆಡ್ ದಟ್’ ಎನ್ನಿ.

ಹತ್ತು ಮೂಟೆ, ಐದು ಮರ, ಎರಡು ಪುಸ್ತಕ ಎನ್ನುವಾಗ ನಮಗೆ ‘ಗಳು’ ಬೇಕೆನಿಸುವುದಿಲ್ಲ; ಸಂಖ್ಯೆ ಹೇಳಿದ್ದಾಯಿತಲ್ಲ. ಅದರಿಂದ ‘ಫೈವ್ ಟ್ರೀ’, ‘ಒನ್ ಆಫ್ ಮೈ ಫ್ರೆಂಡ್’. ಎರಡನೆಯದರಲ್ಲಿ ಕನ್ನಡವೇ ನಮ್ಮನ್ನು ತಿದ್ದಬಲ್ಲದು: ‘ನನ್ನ ಸ್ನೇಹಿತರಲ್ಲಿ ಒಬ್ಬ’, ಬಹುವಚನ ಅಲ್ಲೇ ಇದೆ. ಇನ್ನು ಕೆಲವು ಪದಗಳಿಗೆ ಉಲ್ಟಾ ಕಷ್ಟ. ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಅಡ್ವೈಸ್. ಇವು ಎಷ್ಟೇ ಇದ್ದರೂ ‘ಎಸ್’ ಸೇರುವುದಿಲ್ಲ.

‘ಚಿಕ್ಕ ಚಿಕ್ಕ ಮಕ್ಕಳು’ ಎನ್ನುವುದು ಕನ್ನಡದಲ್ಲಿ ಎಷ್ಟು ಚೆಂದ! ‘ಸ್ಮಾಲ್ ಸ್ಮಾಲ್ ಚಿಲ್ಡ್ರನ್’ ಎಂದರೆ ಆ ಚೆಂದ ಬಾರದು. ‘ಇಲ್ಲೇ’ ಎಂಬುದರ ಏಕಾರವನ್ನು ‘ಹಿಯರ್ ಓನ್ಲಿ’ ಎಂದು ಎಳೆದು ತರುವುದೂ ಹಾಗೆಯೇ. ‘ಇವತ್ತು ಬೆಳಿಗ್ಗೆ’ ಎಂಬುದು ‘ಟುಡೇ ಮಾರ್ನಿಂಗ್’ ಅಲ್ಲ, ‘ದಿಸ್ ಮಾರ್ನಿಂಗ್’. ‘ನಿನ್ನೆ ರಾತ್ರಿ’ ಎಂಬುದು ‘ಲಾಸ್ಟ್ ನೈಟ್’.

ದೊಡ್ಡಕ್ಷರದ ವಿಚಾರವೂ ಇದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ್ದರಿಂದ ನಮ್ಮ ಮಕ್ಕಳು ಹೆಸರು, ಊರು, ವಾರ, ತಿಂಗಳು ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆಯುತ್ತಾರೆ. ಫೋನಿನಲ್ಲಿ ಟೈಪ್ ಮಾಡುವ ಅಭ್ಯಾಸ ಇದನ್ನು ಇನ್ನೂ ಕೆಡಿಸಿದೆ. ‘ನಾನು’ ಎಂಬ ಅರ್ಥದ ‘ಐ’ ಮಾತ್ರ ವಾಕ್ಯದ ನಡುವೆ ಬಂದರೂ ಸದಾ ದೊಡ್ಡಕ್ಷರವೇ.

ಮರ್ಯಾದೆ ಎಲ್ಲಿ ಇಡಬೇಕು?

ಇದು ವ್ಯಾಕರಣಕ್ಕಿಂತ ಮುಖ್ಯವಾದದ್ದು. ವ್ಯಾಕರಣ ತಪ್ಪಿದರೆ ಜನ ನಗಬಹುದು, ಮರ್ಯಾದೆ ತಪ್ಪಿದರೆ ನೊಂದುಕೊಳ್ಳುತ್ತಾರೆ.

ಕನ್ನಡದಲ್ಲಿ ಮರ್ಯಾದೆ ಸರ್ವನಾಮದಲ್ಲೂ ಕ್ರಿಯಾಪದದಲ್ಲೂ ಇರುತ್ತದೆ. ಅಪ್ಪ ಬಂದರು, ಗುರುಗಳು ಹೇಳಿದರು. ಒಬ್ಬರೇ ಆದರೂ ಬಹುವಚನ. ಇದನ್ನು ನೆನೆದು ‘ಮೈ ಫಾದರ್ ಆರ್ ನಾಟ್ ವೆಲ್’, ‘ಅವರ್ ಪ್ಯಾರಿಷ್ ಪ್ರೀಸ್ಟ್ ಹ್ಯಾವ್ ಟೋಲ್ಡ್ ಅಸ್’ ಎಂದು ಬರೆಯುವವರಿದ್ದಾರೆ. ಬರೆದವರ ಮನಸ್ಸಿನಲ್ಲಿರುವುದು ಗೌರವ, ಆದರೆ ಇಂಗ್ಲಿಷು ಅದನ್ನು ಗೌರವವೆಂದು ಓದುವುದಿಲ್ಲ, ಲೆಕ್ಕದ ತಪ್ಪೆಂದು ಓದುತ್ತದೆ. ಅಪ್ಪ ಒಬ್ಬರೇ, ಆದ್ದರಿಂದ ‘ಈಸ್’. ಗುರುಗಳು ಒಬ್ಬರೇ, ಆದ್ದರಿಂದ ‘ಹ್ಯಾಸ್’.

ಹಾಗಾದರೆ ಇಂಗ್ಲಿಷಿನಲ್ಲಿ ಮರ್ಯಾದೆ ಎಲ್ಲಿರುತ್ತದೆ? ಕೇಳುವ ರೀತಿಯಲ್ಲಿ. ‘ಪತ್ರ ಕಳುಹಿಸಿಕೊಡಿ’ ಎಂಬುದು ಕನ್ನಡದಲ್ಲಿ ವಿನಯದ ಮಾತು. ‘ಕೊಡಿ’ ಎಂಬ ಕೊನೆಯಲ್ಲೇ ವಿನಯ ತುಂಬಿದೆ. ಅದನ್ನೇ ‘ಸೆಂಡ್ ದ ಸರ್ಟಿಫಿಕೇಟ್ ಇಮ್ಮೀಡಿಯೆಟ್ಲಿ’ ಎಂದು ಇಳಿಸಿದರೆ ಅಧಿಕಾರಿ ಜವಾನನಿಗೆ ಹೇಳಿದಂತಾಗುತ್ತದೆ. ಇಂಗ್ಲಿಷು ವಿನಯವನ್ನು ಪ್ರಶ್ನೆಯಾಗಿಸಿ ಕೇಳುತ್ತದೆ: ‘ಕುಡ್ ಯೂ ಪ್ಲೀಸ್ ಸೆಂಡ್ ದ ಸರ್ಟಿಫಿಕೇಟ್ ಬೈ ಜೂನ್ 10?’ ‘ವುಡ್ ಯೂ’, ‘ಕುಡ್ ಯೂ’, ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್’ ಎಂಬ ಮೂರು ಬಾಗಿಲುಗಳನ್ನು ಮಕ್ಕಳಿಗೆ ಮೊದಲು ತೋರಿಸಿಕೊಡಿ. ನಮ್ಮ ಹುಡುಗರ ಇ-ಮೇಲನ್ನು ಉದ್ಧಟತನವೆಂದು ಯಾರಾದರೂ ಭಾವಿಸಿದ್ದರೆ, ಎಷ್ಟೋ ಸಲ ಕಾರಣ ಸ್ವಭಾವವಲ್ಲ, ಇದೇ.

ಇನ್ನೊಂದು ತುದಿಯಲ್ಲಿ ಹಳೆಯ ಕಚೇರಿ ಇಂಗ್ಲಿಷಿದೆ. ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ದಟ್ ಮೈ ಸನ್ ಈಸ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್, ಸೋ ಕೈಂಡ್ಲಿ ಡು ದ ನೀಡ್‌ಫುಲ್.’ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂಬ ನಮ್ಮ ಅರ್ಜಿ ಕನ್ನಡಕ್ಕೆ ಇದು ಸೋದರಸಂಬಂಧಿ. ಮೈಸೂರು ರಾಜ್ಯವನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ನೇರವಾಗಿ ಆಳಿದರು. ಅವರಲ್ಲಿ ಹೆಸರಾದ ಮಾರ್ಕ್ ಕಬ್ಬನ್ನರ ಬಂಗಲೆ ಈಗಲೂ ನಮ್ಮ ನಂದಿಬೆಟ್ಟದ ಮೇಲಿದೆ. ದೊರೆಗಳ ಮುಂದೆ ಕೈಕಟ್ಟಿ ನಿಂತು ಬೇಡುವ ಆ ಕಾಲದ ಶೈಲಿ ಇಂದಿಗೂ ರಜಾ ಚೀಟಿಯಲ್ಲಿ ಉಳಿದಿರುವುದನ್ನು ಕಂಡರೆ ನಗೆ ಬರುತ್ತದೆ. ಶಾಲೆಯ ಸಿಸ್ಟರ್‌ಗೆ ಬೇಕಾದದ್ದು ಎರಡೇ ವಾಕ್ಯ: ‘ಮೈ ಸನ್ ಹ್ಯಾಸ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್. ಪ್ಲೀಸ್ ಎಕ್ಸ್‌ಕ್ಯೂಸ್ ಹಿಮ್ ಫ್ರಮ್ ಸ್ಕೂಲ್ ಟಿಲ್ ವೆಡ್ನೆಸ್‌ಡೇ.’ ‘ಡು ದ ನೀಡ್‌ಫುಲ್’ ಎಂದು ಬರೆದವರು ಏನು ಮಾಡಬೇಕೆಂದು ಹೇಳಿರುವುದೇ ಇಲ್ಲ, ಓದಿದವರು ಊಹಿಸಬೇಕು. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದೇ ಮೇಲು.

ಸಾವಿನ ಸುದ್ದಿ ತಿಳಿಸುವಾಗ ‘ಎಕ್ಸ್‌ಪೈರ್ಡ್’ ಎಂದು ಬರೆಯುವುದನ್ನೂ ಬಿಡಬೇಕು. ಹೊರದೇಶದವರಿಗೆ ಎಕ್ಸ್‌ಪೈರ್ ಆಗುವುದು ಔಷಧಿಯ ಶೀಷೆ, ಪಾಸ್‌ಪೋರ್ಟ್. ಅಜ್ಜನವರು ‘ಡೈಡ್’, ಇಲ್ಲವೇ ‘ಪಾಸ್ಡ್ ಅವೇ’. ‘ಪಾಸ್ಡ್ ಔಟ್’ ಎಂದರೆ ನಮ್ಮಲ್ಲಿ ಕಾಲೇಜು ಮುಗಿಸಿದ್ದು, ಹೊರದೇಶಗಳಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿ ಬಿದ್ದದ್ದು. ಗಲ್ಫಿಗೋ ಯೂರೋಪಿಗೋ ಅರ್ಜಿ ಹಾಕುವ ನರ್ಸ್ ಮಕ್ಕಳು ‘ಗ್ರ್ಯಾಜುಯೇಟೆಡ್’ ಎಂದೇ ಬರೆಯಲಿ.

ಎಲ್ಲವೂ ತಪ್ಪಲ್ಲ. ‘ಪ್ರೀಪೋನ್’ ಎಂಬ ಪದವನ್ನು ಒಂದು ಕಾಲದಲ್ಲಿ ಹಾಸ್ಯ ಮಾಡುತ್ತಿದ್ದರು. ಅದೀಗ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಕೂತಿದೆ. ‘ಕಸಿನ್ ಬ್ರದರ್’ ಎಂಬುದು ಇಂಗ್ಲಿಷಿನವರಿಗೆ ವಿಚಿತ್ರ. ಅವರಿಗೆ ‘ಕಸಿನ್’ ಸಾಕು. ಚಿಕ್ಕಪ್ಪನ ಮಗನನ್ನೂ ಅಣ್ಣ ಎಂದೇ ಕರೆದು ಬೆಳೆದ ನಮಗೆ ಬರ್ತಿ ‘ಕಸಿನ್’ ಎನ್ನಲು ಬಾಯಿ ಬರುವುದಿಲ್ಲ. ಮನೆಯೊಳಗೆ, ಊರೊಳಗೆ ಅದು ಇರಲಿ, ಅರ್ಜಿಯಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಫೋನು ತಿದ್ದದ ತಪ್ಪುಗಳು

ಈಗ ಫೋನೇ ಕಾಗುಣಿತ ತಿದ್ದುತ್ತದೆ, ಪೂರ್ತಿ ಪತ್ರವನ್ನೂ ಬರೆದುಕೊಡುತ್ತದೆ. ಕಲಿಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಯಂತ್ರ ಬರೆದುಕೊಟ್ಟ ಪತ್ರದ ಇಂಗ್ಲಿಷು ನೆಟ್ಟಗಿರಬಹುದು, ಆದರೆ ಸಂದರ್ಶನದಲ್ಲಿ ಎದುರು ಕೂತು ಉತ್ತರಿಸಬೇಕಾದದ್ದು ಹುಡುಗನೇ. ಇದಲ್ಲದೆ ‘ಫ್ರಮ್’ ಎಂದು ಬರೆಯಬೇಕಾದಲ್ಲಿ ಎರಡಕ್ಷರ ಹಿಂದುಮುಂದಾಗಿ ‘ಫಾರ್ಮ್’ ಆದರೆ ಎಷ್ಟೋ ಫೋನುಗಳು ಸುಮ್ಮನಿರುತ್ತವೆ, ಏಕೆಂದರೆ ಎರಡೂ ನಿಜವಾದ ಪದಗಳೇ. ಕಳುಹಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದುವ ಅಭ್ಯಾಸ ಒಳ್ಳೆಯದು. ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ.

ಹೆಸರು, ಊರು, ತಾರೀಕುಗಳನ್ನು ಯಾವ ಯಂತ್ರವೂ ತಿದ್ದಲಾರದು. ನಮ್ಮ ಊರುಗಳ ಇಂಗ್ಲಿಷ್ ಕಾಗುಣಿತ ಒಂದೇ ರೀತಿ ಇಲ್ಲ. ಶಿಡ್ಲಘಟ್ಟದ ಮೊದಲ ‘ಎಸ್’ ಆದಮೇಲೆ ಕೆಲವರು ‘ಎಚ್’ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಗೌರಿಬಿದನೂರಿನ ‘ಗೌ’ ಬರೆಯಲು ಒಬ್ಬರು ‘ಎ-ಯು’ ಎನ್ನುತ್ತಾರೆ, ಇನ್ನೊಬ್ಬರು ‘ಓ-ಡಬ್ಲ್ಯು’. ಯಾವುದು ಸರಿ ಎಂದು ವಾದಿಸುವುದಕ್ಕಿಂತ, ಆಧಾರ್, ಅಂಕಪಟ್ಟಿ, ಜ್ಞಾನಸ್ನಾನದ ಪತ್ರ ಇವುಗಳಲ್ಲಿ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಮುಖ್ಯ. ವ್ಯಕ್ತಿಯ ಹೆಸರಿಗೂ ಇದೇ ಮಾತು. ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಹೆಸರಿನ ಮುಂದೆ ಇಡುತ್ತೇವೆ. ಹೊರಗಿನ ನಮೂನೆಗಳು ಕುಲನಾಮ ಕೇಳುತ್ತವೆ. ಒಂದು ಕಡೆ ಮೊದಲಕ್ಷರ, ಇನ್ನೊಂದು ಕಡೆ ಪೂರ್ತಿ ಹೆಸರು ಬರೆದರೆ ಒಬ್ಬನೇ ಹುಡುಗ ಇಬ್ಬರಾಗಿಬಿಡುತ್ತಾನೆ.

ತಾರೀಕನ್ನು 5/6 ಎಂದು ಬರೆದರೆ ನಮಗೆ ಅದು ಜೂನ್ ಐದು, ಅಮೆರಿಕದವರಿಗೆ ಮೇ ಆರು. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇಲ್ಲ. ಹೊರದೇಶದಲ್ಲಿ ಮದುವೆಯಾಗುವ ಮಕ್ಕಳ ಕಾಗದಪತ್ರಗಳಲ್ಲಿ ಇದನ್ನು ತಪ್ಪದೆ ಪಾಲಿಸಿ.

ಮನೆಯಲ್ಲಿ ಮಾಡಿ ನೋಡಲು

ಊಟವಾದ ಮೇಲೆ ಮಕ್ಕಳೊಡನೆ ಕೂತು ಈ ವಾಕ್ಯಗಳನ್ನು ತಿದ್ದಿ. ಮೊದಲು ಅವುಗಳ ಹಿಂದಿರುವ ಕನ್ನಡ ವಾಕ್ಯ ಯಾವುದೆಂದು ಹೇಳಿಸಿ, ಆಮೇಲೆ ತಿದ್ದಿಸಿ.

‘ಐ ಆ್ಯಮ್ ಲಿವಿಂಗ್ ಇನ್ ಚಿಕ್ಕಬಳ್ಳಾಪುರ ಫ್ರಮ್ ಟೆನ್ ಇಯರ್ಸ್.’
‘ಮೈ ಗ್ರ್ಯಾಂಡ್‌ಮದರ್ ಆರ್ ಹ್ಯಾವಿಂಗ್ ಒನ್ ಕೌ.’
‘ಯೆಸ್ಟರ್‌ಡೇ ನೈಟ್ ಒನ್ ಆಫ್ ಮೈ ಅಂಕಲ್ ಹ್ಯಾಡ್ ಕಮ್.’
‘ಶಿ ಟೋಲ್ಡ್ ದಟ್ ಶಿ ವಾಂಟ್ಸ್ ಟು ಬಿ ನರ್ಸ್.’

ಉತ್ತರಗಳು: ಮೊದಲನೆಯದು ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಚಿಕ್ಕಬಳ್ಳಾಪುರ ಫಾರ್ ಟೆನ್ ಇಯರ್ಸ್.’ ಎರಡನೆಯದು ‘ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಎ ಕೌ.’ ಅಜ್ಜಿಯ ಮರ್ಯಾದೆಗೆ ಇದರಿಂದ ಕುಂದಿಲ್ಲ. ಮೂರನೆಯದು ‘ಒನ್ ಆಫ್ ಮೈ ಅಂಕಲ್ಸ್ ಕೇಮ್ ಲಾಸ್ಟ್ ನೈಟ್.’ ನಾಲ್ಕನೆಯದು ‘ಶಿ ಸೆಡ್ ದಟ್ ಶಿ ವಾಂಟೆಡ್ ಟು ಬಿ ಎ ನರ್ಸ್.’ ಇಲ್ಲಿ ‘ವಾಂಟ್ಸ್’ ಏಕೆ ‘ವಾಂಟೆಡ್’ ಆಯಿತೆಂದು ಮಕ್ಕಳು ಕೇಳಿದರೆ, ‘ಸೆಡ್’ ಹಿಂದಿನ ಕಾಲದ್ದಾದ್ದರಿಂದ ಅದರ ಬೆನ್ನಿಗಿರುವ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ ಎಂದು ಹೇಳಿ. ಆಸೆ ಇಂದಿಗೂ ಇದೆ ಎಂದು ಒತ್ತಿ ಹೇಳಬೇಕಾದರೆ ‘ವಾಂಟ್ಸ್’ ಎಂದರೂ ಸಲ್ಲುತ್ತದೆ.